ನೀನು ಓದ್ಕೋ ಸಾಕು, ಉಳಿದದ್ದು ನಾವು ನೋಡ್ಕೋತೀವಿ

ಮಗ ಎಸ್ಸೆಸ್ಸೆಲ್ಸಿಗೆ ಕಾಲಿಟ್ಟ ಎಂದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ತುರ್ತುಪರಿಸ್ಥಿತಿ ಜಾರಿಯಾಗುತ್ತದೆ. ಟೀವಿ ಬಂದ್. ನೆಂಟರ ಮನೆಯ ಮದುವೆಗೆ ಅಪ್ಪ ಒಬ್ಬನೇ ಹೋಗಿ ಮುಯ್ಯಿ ಕೊಟ್ಟು ಬರುತ್ತಾನೆ. ಅಜ್ಜಿಯ ರೇಡಿಯೊ ಹಿತ್ತಲು ಸೇರುತ್ತದೆ. ಮಗನಿಗೆ ಮಾತ್ರ ಅಭಯ: "ನೀನು ಓದ್ಕೋ ಸಾಕು ಮರಿ, ಉಳಿದದ್ದೆಲ್ಲ ನಾವು ನೋಡ್ಕೋತೀವಿ." ಉಳಿದದ್ದು ಅಂದರೆ ಏನು? ಉಂಡ ತಟ್ಟೆ ಎತ್ತುವುದು, ಹಾಸಿಗೆ ಮಡಿಸುವುದು, ಒದ್ದೆ ಟವೆಲನ್ನು ತಂತಿಗೆ ಹಾಕುವುದು, ನೀರಿನ ಬಾಟಲಿ ತುಂಬಿಸಿಕೊಳ್ಳುವುದು, ಯೂನಿಫಾರ್ಮಿಗೆ ಇಸ್ತ್ರಿ, ಶೂಗೆ ಪಾಲಿಶ್, ಅಂಗಡಿಯಿಂದ ಕೊತ್ತಂಬರಿ ಸೊಪ್ಪು. ಪುಸ್ತಕವೊಂದನ್ನು ಬಿಟ್ಟು ಮಿಕ್ಕ ಬದುಕನ್ನೆಲ್ಲ ಬೇರೆಯವರು ನಡೆಸಿಕೊಡುತ್ತಾರೆ ಎಂಬ ಕರಾರು ಅದು.

ಈ ಕರಾರನ್ನು ಪ್ರಶ್ನಿಸುವವರೇ ಇಲ್ಲ. ಟ್ಯೂಷನ್ ಬೇಕೇ ಬೇಡವೇ ಎಂದು ಜಗಳವಾಡುತ್ತೇವೆ. ಸ್ಟೇಟ್ ಸಿಲಬಸ್ಸೋ ಸೆಂಟ್ರಲ್ಲೋ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಓದುವ ಮಕ್ಕಳು ಮನೆಗೆಲಸ ಮಾಡಬಾರದು ಎಂಬ ವಿಷಯದಲ್ಲಿ ಮಾತ್ರ ಎಡ, ಬಲ, ಹಳ್ಳಿ, ಪೇಟೆ ಎಲ್ಲರದೂ ಒಮ್ಮತ. ಈ ಒಮ್ಮತವೇ ದೊಡ್ಡ ಅಪಾಯ ಎಂದು ನನ್ನ ವಾದ. ಪ್ರೀತಿಯ ಹೆಸರಿನಲ್ಲಿ ನಾವು ಮಕ್ಕಳ ಕೈ ಮುರಿಯುತ್ತಿದ್ದೇವೆ, ಮೇಲಿಂದ ಅದಕ್ಕೆ ತ್ಯಾಗ ಎಂದು ಹೆಸರಿಟ್ಟು ಹೊಗಳಿಕೊಳ್ಳುತ್ತಿದ್ದೇವೆ.

ಪರಿಚಯದವರೊಬ್ಬರ ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ದ್ವಿತೀಯ ಪಿಯು ಓದುವ ಹುಡುಗ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಾನೆ. ಗ್ಯಾಸ್ ಒಲೆ ಅವನಿಂದ ನಾಲ್ಕು ಹೆಜ್ಜೆ. ಒಲೆಯ ಮೇಲಿನ ಹಾಲು ಏರತೊಡಗಿತು, ಹುಡುಗ ಅದನ್ನು ನೋಡಿದ. ಪಾತ್ರೆಯ ಅಂಚಿಗೆ ನೊರೆ ಬಂತು, ಅದನ್ನೂ ನೋಡಿದ. ಆಮೇಲೆ ಕೂತಲ್ಲಿಂದಲೇ ಕೂಗಿದ: "ಅಮ್ಮಾ, ಹಾಲು ಉಕ್ತಾ ಇದೆ!" ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ತಾಯಿ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಅರ್ಧ ಹಾಲು ಕಟ್ಟೆಯ ಮೇಲಿತ್ತು. ಆಕೆ ಬೈದರೇ? ಇಲ್ಲ. ಬಟ್ಟೆ ತಗೊಂಡು ಒರೆಸುತ್ತಾ ನನ್ನ ಕಡೆ ತಿರುಗಿ, "ಓದೋದ್ರಲ್ಲಿ ಮುಳುಗಿಬಿಟ್ರೆ ಅವನಿಗೆ ಪ್ರಪಂಚವೇ ಬೇಡ" ಎಂದರು, ಹೆಮ್ಮೆಯಿಂದ. ಪಾಪ, ಹುಡುಗ ಆಗ ಓದುತ್ತಿದ್ದ ಅಧ್ಯಾಯ ಉಷ್ಣಗತಿಶಾಸ್ತ್ರ.

ಕೈ ಚಾಚಿ ಒಂದು ಗುಂಡಿ ತಿರುಗಿಸುವುದು ತನ್ನ ಕೆಲಸವೆಂದು ಹದಿನೇಳು ವರ್ಷದ ಆರೋಗ್ಯವಂತ ಹುಡುಗನಿಗೆ ಹೊಳೆಯುವುದೇ ಇಲ್ಲ ಎಂದರೆ ಅದು ಸೋಮಾರಿತನಕ್ಕಿಂತ ಕೆಟ್ಟದ್ದು. ಸೋಮಾರಿಗೆ ಕೆಲಸ ಕಾಣುತ್ತದೆ, ಅವನು ತಪ್ಪಿಸಿಕೊಳ್ಳುತ್ತಾನೆ. ನಾವು ಬೆಳೆಸುತ್ತಿರುವ ಮಕ್ಕಳಿಗೆ ಕೆಲಸ ಕಾಣಿಸುವುದೇ ಇಲ್ಲ. ಬಟ್ಟೆ ತಾನಾಗಿ ಮಡಿಸಿಕೊಂಡು ಬೀರು ಸೇರುತ್ತದೆ, ಬಾತ್‌ರೂಮು ತಾನಾಗಿ ಒಣಗುತ್ತದೆ, ಚಟ್ನಿ ತಾನಾಗಿ ಒಗ್ಗರಣೆ ಹಾಕಿಕೊಂಡು ಬಂದು ಕೂರುತ್ತದೆ.

ಮೊದಲು ಈ ವ್ಯವಸ್ಥೆಯ ದೊಡ್ಡ ಸುಳ್ಳನ್ನು ನೋಡೋಣ: ಕೆಲಸ ಕೊಟ್ಟರೆ ಮಾರ್ಕ್ಸ್ ಹೋಗುತ್ತದೆ. ಲೆಕ್ಕ ಹಾಕಿ. ತಟ್ಟೆ, ಲೋಟ, ಹಾಸಿಗೆ, ತನ್ನ ಬಟ್ಟೆ, ಒಂದು ತರಕಾರಿ ಹೆಚ್ಚುವುದು, ಎಲ್ಲ ಸೇರಿ ದಿನಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿಸಿಕೊಟ್ಟರೆ ಹುಡುಗ ಅದರಲ್ಲಿ ತ್ರಿಕೋನಮಿತಿ ಮಾಡುತ್ತಾನೆಂದು ನಂಬಿದ್ದೀರಾ? ಬಾಗಿಲು ಸರಿಸಿ ನೋಡಿ, ಅವನ ಹೆಬ್ಬೆರಳು ರೀಲ್ಸ್ ತಳ್ಳುತ್ತಿರುತ್ತದೆ. ಹತ್ತು ಗಂಟೆ ಕುರ್ಚಿಯಲ್ಲಿ ಕೂತ ತಲೆಗೆ ಬೇಕಾದದ್ದು ಹನ್ನೊಂದನೆಯ ಗಂಟೆಯೂ ಅದೇ ಕುರ್ಚಿಯೇ, ಇಲ್ಲಾ ಸೊಂಟ ಬಗ್ಗಿಸಿ ಅಂಗಳ ಗುಡಿಸುವ ಹತ್ತು ನಿಮಿಷವೇ? ಇಷ್ಟು ತಿಳಿಯಲು ಮನೋವಿಜ್ಞಾನ ಬೇಕಿಲ್ಲ, ಮನೆಯಲ್ಲಿ ಒಬ್ಬ ಅಜ್ಜ ಇದ್ದರೆ ಸಾಕು.

ಪ್ರತಿ ವರ್ಷ ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಎರಡು ಬಗೆಯ ಚಿತ್ರ ಹಾಕುತ್ತವೆ. ಒಂದರಲ್ಲಿ ಟಾಪರ್ ಬಾಯಿಗೆ ತಾಯಿ ಪೇಡ ಇಡುತ್ತಿರುತ್ತಾಳೆ, "ಒಂದು ಲೋಟ ಎತ್ತೋಕೂ ಬಿಡಲಿಲ್ಲ" ಎಂಬ ಧಾಟಿಯ ಮಾತು ಕೆಳಗೆ. ಇನ್ನೊಂದರಲ್ಲಿ ಗಾರೆ ಕೆಲಸದವರ ಮಗಳು, ಹೂ ಕಟ್ಟಿ ಮಾರುವವಳ ಮಗ, ಅಪ್ಪನ ಅಂಗಡಿಯಲ್ಲಿ ಕೂತು ಓದಿದ ಹುಡುಗ. ಎರಡನ್ನೂ ಒಂದೇ ಕಾಫಿ ಜೊತೆ ಓದುತ್ತೇವೆ. ಎರಡನೆಯ ಚಿತ್ರಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ, ಮೊದಲನೆಯದನ್ನು ಮನೆಯಲ್ಲಿ ಜಾರಿಗೆ ತರುತ್ತೇವೆ. ಕೆಲಸ ಮಾಡಿದರೆ ಮಾರ್ಕ್ಸ್ ಹೋಗುತ್ತದೆ ಎಂಬುದು ನಿಜವಾಗಿದ್ದರೆ ಎರಡನೆಯ ಚಿತ್ರ ಅಲ್ಲಿ ಬರಲೇಬಾರದಿತ್ತಲ್ಲ?

ಇನ್ನು, "ಓದೋ ಮಕ್ಕಳಿಗೆ ಕೆಲಸ ಬೇಡ" ಎನ್ನುವಾಗಿನ ಆ 'ಮಕ್ಕಳು' ಯಾರು? ಅದೇ ಮನೆಯಲ್ಲಿ ಪಿಯು ಓದುವ ಮಗಳಿದ್ದರೆ ನಿಯಮಕ್ಕೆ ತಿದ್ದುಪಡಿಯಾಗುತ್ತದೆ. "ಓದ್ಕೋ, ಹಾಗೇ ಒಂದು ಕಣ್ಣು ಕುಕ್ಕರ್ ಕಡೆ ಇರಲಿ." ಅವಳು ಸಮೀಕರಣದ ಜೊತೆ ಸೀಟಿಯನ್ನೂ ಎಣಿಸಬೇಕು. ಅಣ್ಣನ ತಟ್ಟೆ ಎತ್ತುವುದು ಅವಳಿಗೆ 'ಅಭ್ಯಾಸ', ಅಣ್ಣನಿಗೆ ಅದೇ ಕೆಲಸ 'ತೊಂದರೆ'. ಅಷ್ಟಾದರೂ ರಿಸಲ್ಟ್ ಬಂದಾಗ ಹೆಣ್ಣುಮಕ್ಕಳೇ ಮುಂದು, ವರ್ಷ ವರ್ಷವೂ. ಎಸ್ಸೆಸ್ಸೆಲ್ಸಿ, ಪಿಯು ಫಲಿತಾಂಶಗಳಲ್ಲಿ 'ಬಾಲಕಿಯರೇ ಮೇಲುಗೈ' ಎಂಬ ತಲೆಬರಹವನ್ನು ಪತ್ರಿಕೆಯವರು ಅಚ್ಚಿನಲ್ಲೇ ಇಟ್ಟುಕೊಂಡಿರಬೇಕು. ಕುಕ್ಕರ್ ಕಾದವಳು ಗೆದ್ದಳು, ಕೈ ತೊಳೆಯಲು ಮಾತ್ರ ಎದ್ದವನು ಸೋತ. ಆದರೂ ನಮ್ಮ ಸಿದ್ಧಾಂತಕ್ಕೆ ಒಂದು ಗೀರೂ ಬೀಳುವುದಿಲ್ಲ.

ಹೀಗೆ ಬೆಳೆದ ಹುಡುಗರು ಏನಾಗುತ್ತಾರೆ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು. ತಮ್ಮ ಮನೆಯವರಿಗಾಗಿ ಸಂಬಳವಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಹತ್ತಿರ ಹತ್ತಿರ ಐದು ಗಂಟೆ. ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ, ಮಾಡುವವರು ನಾಲ್ವರಲ್ಲಿ ಒಬ್ಬ ಮಾತ್ರ. ಉಳಿದ ಮೂವರ ಪಾಲು ಸೊನ್ನೆ. ಐದು ವರ್ಷದ ನಂತರ, 2024ರಲ್ಲಿ, ಮತ್ತೆ ಎಣಿಸಿದರು: ಹೆಂಗಸರು 289, ಗಂಡಸರು 88. ಅವಳ ಹೊರೆ ಹತ್ತು ನಿಮಿಷ ಇಳಿಯಿತಲ್ಲ ಎಂದು ಸಂತೋಷಪಡುವ ಹಾಗೂ ಇಲ್ಲ, ಇವನು ಒಂಬತ್ತು ನಿಮಿಷ ಜಾರಿಕೊಂಡಿದ್ದಾನೆ. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ 2019ರ ಅಂಕಿಗಳನ್ನು ಮುಂದಿಟ್ಟುಕೊಂಡು ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲೇಬೇಕು ಎಂದಿತು. ಆಕೆಯ ದುಡಿಮೆ ಎಷ್ಟೆಂದು ಲೆಕ್ಕ ಹಾಕಲು ಆಕೆ ರಸ್ತೆಯಲ್ಲಿ ಸಾಯಬೇಕಾಯಿತು. ಬದುಕಿದ್ದಾಗ ಮನೆಯಲ್ಲಿ ಯಾರು ಲೆಕ್ಕ ಇಟ್ಟಿದ್ದರು?

ಆ ಸೊನ್ನೆಯ ಗಂಡಸರು ಆಕಾಶದಿಂದ ಉದುರಿದವರೇನಲ್ಲ. ಒಂದು ಕಾಲಕ್ಕೆ ಅವರೂ "ನೀನು ಓದ್ಕೋ ಮರಿ" ಎನಿಸಿಕೊಂಡ ಮರಿಗಳೇ. ಅವರನ್ನು ಹಾಗೆ ಮಾಡಿದವರಲ್ಲಿ ಮುಕ್ಕಾಲು ಪಾಲು ತಾಯಂದಿರು ಎನ್ನುವಾಗ ನನಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಗಂಡ ಒಂದು ಕಡ್ಡಿ ಆಚೆ ಈಚೆ ಮಾಡುವುದಿಲ್ಲ ಎಂದು ಅಕ್ಕತಂಗಿಯರ ಮುಂದೆ ಕಣ್ಣೀರು ಹಾಕುವಾಕೆ ಅದೇ ಕೈಯಲ್ಲಿ ಮಗನ ಒದ್ದೆ ಟವೆಲು ಎತ್ತಿ ಹಾಕುತ್ತಿರುತ್ತಾಳೆ. ಅಮ್ಮಾ ತಾಯಿ, ಇನ್ನೊಬ್ಬಳ ಗಂಡನನ್ನು ನೀವೀಗ ತಯಾರು ಮಾಡುತ್ತಿದ್ದೀರಿ!

ಈ ವ್ಯವಸ್ಥೆಯೊಳಗೆ ಇನ್ನೂ ಕೊಳಕಾದದ್ದು ಜಾತಿ. ಮಗು ಸಿಂಕಿನಲ್ಲಿ ತಟ್ಟೆ ಬಿಟ್ಟು ಏಳುತ್ತದೆ, ಬೆಳಿಗ್ಗೆ ಬಂದ ಹೆಂಗಸು ತೊಳೆಯುತ್ತಾಳೆ. ಆಕೆಗೆ ಬೇರೆ ಲೋಟದಲ್ಲಿ ಕಾಫಿ. ಸಂಡಾಸು ತೊಳೆಯಲು ಬರುವವನು ಹಿತ್ತಲ ಬಾಗಿಲಿನಿಂದ. ಮಗುವಿಗೆ ಯಾರೂ ಪಾಠ ಮಾಡಬೇಕಿಲ್ಲ. ಹೊಲಸು ಮಾಡುವವರು ಒಂದು ಬಗೆಯ ಜನ, ತೆಗೆಯುವವರು ಇನ್ನೊಂದು ಬಗೆಯ ಜನ ಎಂಬುದನ್ನು ಅದು ಹತ್ತು ವರ್ಷ ತುಂಬುವುದರೊಳಗೆ ಕಲಿತಿರುತ್ತದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಮಾನತೆಯ ಅಧ್ಯಾಯಕ್ಕೆ ಎಂಟು ಅಂಕ ಪಡೆಯುವುದೂ ಆ ಮಗುವೇ.

ತಾನು ಬಳಸಿದ ಕಕ್ಕಸನ್ನು ತಾನೇ ತೊಳೆಯುವುದು ಎಷ್ಟು ದೊಡ್ಡ ರಾಜಕೀಯ ಎಂಬುದು ಗಾಂಧಿಗೆ ಗೊತ್ತಿತ್ತು. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಗಬ್ಬು ನಾರುತ್ತಿದ್ದ ಕಕ್ಕಸನ್ನು ಕಂಡು ಸ್ವಯಂಸೇವಕರನ್ನು ಕೇಳಿದರೆ ಅದು ತೋಟಿಯ ಕೆಲಸ ಎಂದರು. ಆತ ಪೊರಕೆ ಹುಡುಕಿ ತಂದು ತಾನೇ ಬಳಿದರು. 1910ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಆಳುಗಳನ್ನೇ ಇಡಲಿಲ್ಲ. ಅಡುಗೆಯಿಂದ ಹಿಡಿದು ಮಲ ಬಾಚುವವರೆಗೆ ಎಲ್ಲ ಕೆಲಸವೂ ಅಲ್ಲಿದ್ದವರದ್ದೇ, ಮಕ್ಕಳೂ ಸೇರಿ. ನಾವು ಗಾಂಧಿ ಜಯಂತಿಯ ದಿನ ಮಕ್ಕಳಿಗೆ ಹೊಸ ಪೊರಕೆ ಕೊಟ್ಟು, ಮೊದಲೇ ಗುಡಿಸಿಟ್ಟ ಮೈದಾನದಲ್ಲಿ ಫೋಟೊ ತೆಗೆಸುತ್ತೇವೆ.

ಈ ಮಾತಿಗೆ ಒಂದು ಆಕ್ಷೇಪ ಸಿದ್ಧವಾಗಿರುತ್ತದೆ: ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದರೆ ಗಲಾಟೆ ಆಗುತ್ತದಲ್ಲ, ಅದನ್ನೇ ನೀವು ಸಮರ್ಥಿಸುತ್ತೀರಾ? ಖಂಡಿತ ಇಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ್ದು ಬಯಲಾಯಿತು. ಅದು ಅಪರಾಧ, ಕಾನೂನಿನ ಕಣ್ಣಲ್ಲೂ ಮನುಷ್ಯರ ಕಣ್ಣಲ್ಲೂ. ಆದರೆ ಗುಂಡಿಗೆ ಇಳಿಸಲು ಆ ಮಕ್ಕಳನ್ನೇ ಆರಿಸಿದ ಮನಸ್ಸು ಎಲ್ಲಿ ತಯಾರಾಯಿತು? ಕೆಲಸವನ್ನು ಎಲ್ಲರೂ ಹಂಚಿಕೊಳ್ಳದ ಮನೆಗಳಲ್ಲಿ, ಹೊಲಸು ಯಾರದೋ ಪಾಲು ಎಂದು ಕಲಿಸಿದ ಮನೆಗಳಲ್ಲಿ. ಉಳ್ಳವರ ಮಗನ ಕೈಯಿಂದ ಪೊರಕೆ ಕಿತ್ತುಕೊಂಡ ದಿನವೇ ಅದನ್ನು ಬೇರೆ ಯಾರದೋ ಮಗನ ಕೈಗೆ ತುರುಕಿದ್ದೇವೆ.

ಶಾಲೆಗಳ ಪಾಲು ಇದರಲ್ಲಿ ಕಡಿಮೆಯೇನಲ್ಲ. ಕೈಕೆಲಸ ಕಲಿಕೆಯ ಭಾಗವಾಗಬೇಕು ಎಂದು ಈ ದೇಶದಲ್ಲಿ ಎಷ್ಟು ಸಲ ಹೇಳಿಲ್ಲ? 1937ರಲ್ಲಿ ವಾರ್ಧಾ ಸಮ್ಮೇಳನ ಬುನಾದಿ ಶಿಕ್ಷಣ ಎಂದಿತು. 1966ರಲ್ಲಿ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ಉದ್ದನೆಯ ಹೆಸರಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶ ಬರೆದಿಟ್ಟಿತು. ಕೊನೆಗೆ ಇದೆಲ್ಲ ಬಂದು ನಿಂತದ್ದು ಸ್ಟೇಷನರಿ ಅಂಗಡಿಯಲ್ಲಿ. ಥರ್ಮಕೋಲ್ ಜ್ವಾಲಾಮುಖಿ, ರೆಡಿಮೇಡ್ ಸೌರವ್ಯೂಹ. ರಾತ್ರಿ ಹನ್ನೊಂದಕ್ಕೆ ಅಮ್ಮ ಫೆವಿಕಾಲ್ ಹಚ್ಚುತ್ತಾಳೆ, ಅಪ್ಪ ವೈರು ಸುತ್ತುತ್ತಾನೆ, ಮಗು ಮಲಗಿದೆ. ಮರುದಿನ ಟೀಚರ್ 'ಎ ಪ್ಲಸ್' ಕೊಡುತ್ತಾರೆ. ಯಾರಿಗೆ ಕೊಟ್ಟರು?

ಪೇರೆಂಟ್ಸ್ ಮೀಟಿಂಗಿನಲ್ಲಿ ಇದೇ ಮೇಷ್ಟ್ರು ಮೇಡಮ್ಮುಗಳೇ "ಈ ವರ್ಷ ಮಕ್ಕಳಿಗೆ ಮನೇಲಿ ಏನೂ ಕೆಲಸ ಹೇಳಬೇಡಿ" ಎಂದು ಅಪ್ಪಣೆ ಕೊಡುತ್ತಾರೆ. ಅದೇ ವಾರ ಕನ್ನಡ ಪೀರಿಯಡ್‌ನಲ್ಲಿ ಪ್ರಬಂಧದ ವಿಷಯ: ಕಾಯಕದ ಮಹತ್ವ. ಹುಡುಗ ಬರೆಯುತ್ತಾನೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿ ಆಯ್ದ ಮಾರಯ್ಯ, ಎಲ್ಲರನ್ನೂ ನೀಟಾಗಿ ಪ್ಯಾರಾ ಮಾಡಿ ಬರೆದು ಹತ್ತಕ್ಕೆ ಒಂಬತ್ತು ತೆಗೆಯುತ್ತಾನೆ. ಮಧ್ಯಾಹ್ನ ಅವನು ತೊಳೆಯದೆ ಮುಚ್ಚಿಟ್ಟ ಟಿಫಿನ್ ಬಾಕ್ಸು ಸಂಜೆ ಮನೆಯಲ್ಲಿ ತೆರೆದಾಗ ಹುಳಿ ವಾಸನೆ. ಅದನ್ನು ಉಜ್ಜುವ ಕಾಯಕ ಯಾರದು ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ.

ಪಿಯು ವಸತಿ ಕಾಲೇಜುಗಳದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಮೆಸ್ಸು ನಮ್ಮದು, ಬಟ್ಟೆ ಒಗೆಸುವುದು ನಮ್ಮದು, ನಿಮ್ಮ ಮಗ ನೀಟ್ ಒಂದನ್ನು ನೋಡಿಕೊಂಡರೆ ಸಾಕು. ಲಕ್ಷಗಟ್ಟಲೆ ಕೊಟ್ಟು ಕೊಂಡ ನಿಷ್ಕ್ರಿಯತೆ. ಆ ಹುಡುಗ ನಾಳೆ ಡಾಕ್ಟರಾಗಿ ರೋಗಿಯ ವಾಂತಿ, ಕೀವು, ಮಲಗಳ ಮುಂದೆ ನಿಲ್ಲಬೇಕಾದವನು. ಮನೆಯಲ್ಲಿ ಜ್ವರ ಬಂದ ಅಜ್ಜಿಗೆ ಒಂದು ಲೋಟ ಗಂಜಿ ಕಾಯಿಸಿ ಕೊಡಲು ಅವನನ್ನು ಬಿಟ್ಟಿದ್ದೀರಾ? ಕೇಳಿದರೆ, "ಅವನಿಗೆ ಡಿಸ್ಟರ್ಬ್ ಮಾಡಬೇಡಿ."

ಹೆತ್ತವರ ಸಮರ್ಥನೆಗಳಲ್ಲಿ ಒಂದನ್ನು ಮಾತ್ರ ನಾನು ಗೇಲಿ ಮಾಡಲಾರೆ. "ನಾವು ಪಟ್ಟ ಕಷ್ಟ ನಮ್ಮ ಮಕ್ಕಳಿಗೆ ಬೇಡ" ಎನ್ನುತ್ತಾರಲ್ಲ, ಅದು. ಬೆಳಿಗ್ಗೆ ನಾಲ್ಕಕ್ಕೆದ್ದು ಸಗಣಿ ಬಾಚಿ, ದೂರದ ಬಾವಿಯಿಂದ ನೀರು ಹೊತ್ತು, ಬುಡ್ಡಿ ದೀಪದಲ್ಲಿ ಓದಿದವರು ಇದ್ದಾರೆ. ವಾರಾನ್ನ ಉಂಡು, ದಿನಕ್ಕೊಂದು ಮನೆಯ ಜಗುಲಿಯಲ್ಲಿ ಎಲೆಗೆ ಕಾದು ಡಿಗ್ರಿ ಮುಗಿಸಿದವರಿದ್ದಾರೆ. ಕೆಲಸದ ಹೊರೆಗೆ ಶಾಲೆ ಬಿಟ್ಟು ಮತ್ತೆ ಸೇರಲಾಗದೆ ಹೋದ ಹೆಣ್ಣುಮಕ್ಕಳ ಸಂಖ್ಯೆ ಇವೆಲ್ಲಕ್ಕಿಂತ ದೊಡ್ಡದು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅವರನ್ನು ಹಿಂಡಿದ್ದು ಬಡತನ, ಒಂಟಿತನ, ಬೇಡ ಎನ್ನಲಾಗದ ಅಸಹಾಯಕತೆ. ಪೊರಕೆಗೆ ಆ ಪಾಪ ಕಟ್ಟಿದರೆ ಹೇಗೆ? ಮಗುವನ್ನು ಬೀಡಿ ಕಟ್ಟಲು ಕೂರಿಸುವುದಕ್ಕೂ ಅದು ತನ್ನ ಕಾಲುಚೀಲ ತಾನು ಒಗೆಯುವುದಕ್ಕೂ ವ್ಯತ್ಯಾಸ ಕಾಣದಷ್ಟು ಕಣ್ಣು ಮಂಜಾಗಿದೆಯೇ? ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಮಾತನ್ನು ತಂದು ಬೆಂಗಳೂರಿನ ಮೂರು ಬೆಡ್‌ರೂಮಿನ ಫ್ಲಾಟಿನಲ್ಲಿ ತಟ್ಟೆ ಎತ್ತದ ಹುಡುಗನಿಗೆ ಗುರಾಣಿ ಮಾಡುವುದು ನಿಜವಾಗಿ ದುಡಿಯುತ್ತಿರುವ ಮಕ್ಕಳಿಗೆ ಮಾಡುವ ಅವಮಾನ.

"ಮುಂದೆ ತಲೆ ಮೇಲೆ ಬಿದ್ದಾಗ ತಾನೇ ಕಲೀತಾನೆ" ಎಂಬುದು ಇನ್ನೊಂದು ಸಮಾಧಾನ. ಕಲಿಯುತ್ತಾನೆಯೇ? ಬೆಂಗಳೂರಿನ ಯಾವುದಾದರೂ ಬ್ಯಾಚುಲರ್ ಮನೆಗೆ ಹೋಗಿ ನೋಡಿ. ಇಪ್ಪತ್ತಾರರ ಇಂಜಿನಿಯರು ಮೊಸರನ್ನ ಕೂಡ ಆ್ಯಪಿನಲ್ಲಿ ತರಿಸುತ್ತಾನೆ. ಮೂಲೆಯಲ್ಲಿ ತೊಳೆಯದ ಬಟ್ಟೆಯ ಗುಡ್ಡ. ಎರಡು ತಿಂಗಳಿಗೊಮ್ಮೆ ಊರಿಂದ ಅಮ್ಮ ಸಾರಿನ ಪುಡಿ, ಚಟ್ನಿಪುಡಿ ಹೊತ್ತು ರಾತ್ರಿ ಬಸ್ಸಿನಲ್ಲಿ ಬಂದು ಗುಡ್ಡ ಕರಗಿಸಿ ಹೋಗುತ್ತಾಳೆ. ಕಲಿತವರೂ ಇದ್ದಾರೆ, ಒಪ್ಪುತ್ತೇನೆ: ನ್ಯೂಜೆರ್ಸಿಗೋ ಡಲ್ಲಾಸಿಗೋ ಹೋದವರು. ಅಲ್ಲಿ ಆಳು ಸಿಗುವುದಿಲ್ಲ ಎಂದು ಗೊತ್ತಾದ ಮೊದಲ ವಾರದಲ್ಲೇ ಪಾತ್ರೆ ತೊಳೆಯಲು, ಬಾತ್‌ರೂಮು ಉಜ್ಜಲು, ಮಗುವಿನ ಡಯಪರ್ ಬದಲಿಸಲು ಬಂದುಬಿಡುತ್ತದೆ. ಅದೇ ಮನುಷ್ಯ ಡಿಸೆಂಬರ್ ರಜೆಗೆ ಮೈಸೂರಿಗೆ ಬಂದಿಳಿದಾಗ? ಉಂಡ ಎಲೆ ಬಿಟ್ಟು ಎದ್ದು ಸೋಫಾಗೆ ಹೋಗುತ್ತಾನೆ. ಕೆಲಸ ಬರುತ್ತದೆ, ಆದರೆ ಈ ಮನೆಯಲ್ಲಿ ಅದು ತನ್ನದಲ್ಲ. ಅವನಿಗೆ ನಾವು ಕಲಿಸಿದ್ದು ಇದನ್ನೇ. ಎಪ್ಪತ್ತು ದಾಟಿದ ತಾಯಿ ಎಲೆ ಎತ್ತಲು ಬಗ್ಗುತ್ತಾಳೆ.

ಇಷ್ಟೆಲ್ಲ ಸಾಕು. ಇನ್ನು ಮಾಡಬೇಕಾದ್ದು. ಮೊದಲು ಅಪ್ಪಂದಿರು ಏಳಬೇಕು. ಪೇಪರು ಓದುತ್ತಾ ಕೂತ ಅಪ್ಪ ಮಗನಿಗೆ ಗುಡಿಸು ಎಂದರೆ ಅದು ಶಿಕ್ಷಣವಾಗುವುದಿಲ್ಲ, ದಬ್ಬಾಳಿಕೆಯಾಗುತ್ತದೆ. ನಾಳೆ ರಾತ್ರಿಯಿಂದ ಉಂಡವರೆಲ್ಲ ತಮ್ಮ ತಮ್ಮ ತಟ್ಟೆ ತೊಳೆಯಲಿ, ಮನೆಯ ಯಜಮಾನನಿಂದ ಹಿಡಿದು. ಆರನೇ ಕ್ಲಾಸಿನ ಮಗು ತನ್ನ ಒಳಬಟ್ಟೆ, ಕಾಲುಚೀಲ ಒಗೆದುಕೊಳ್ಳಲಿ. ಎಂಟನೆಯ ಕ್ಲಾಸಿನವನು ಅನ್ನಕ್ಕಿಡಲು ಕಲಿಯಲಿ: ಅಕ್ಕಿ ತೊಳೆದ ನೀರನ್ನು ಹೇಗೆ ಬಸಿಯಬೇಕು, ಅಕ್ಕಿಯ ಮೇಲೆ ಬೆರಳಿಟ್ಟರೆ ನೀರು ಎಷ್ಟನೆಯ ಗೆರೆಗೆ ಬರಬೇಕು, ಎಷ್ಟು ಸೀಟಿಗೆ ಒಲೆ ಸಣ್ಣ ಮಾಡಬೇಕು. ವಾರಕ್ಕೊಮ್ಮೆ ಸಂಡಾಸಿನ ಸರದಿ ಗಂಡು ಹೆಣ್ಣೆನ್ನದೆ ಎಲ್ಲರಿಗೂ. ಪಾಕೆಟ್ ಮನಿ ಆಸೆ ತೋರಿಸಿ ಮಾಡಿಸಬೇಡಿ. ಉಣ್ಣುವುದಕ್ಕೆ ಕೂಲಿ ಕೊಡುವುದಿಲ್ಲ, ಉಂಡ ತಟ್ಟೆಗೇಕೆ? ಚೆನ್ನಾಗಿ ಮಾಡಲಿಲ್ಲ ಎಂದು ಹಿಂದಿನಿಂದ ಹೋಗಿ ಮತ್ತೆ ತೊಳೆಯಬೇಡಿ. ಜಿಡ್ಡು ಉಳಿದ ತಟ್ಟೆಯಲ್ಲೇ ಮರುದಿನ ಅವನಿಗೆ ಬಡಿಸಿ.

ಅಮ್ಮಂದಿರೇ, ನಿಮಗೆ ಇನ್ನೂ ಕಷ್ಟದ ಕೆಲಸ ಇದೆ: ಏನೂ ಮಾಡದೆ ಇರುವುದು. ಒದ್ದೆ ಟವೆಲು ಹಾಸಿಗೆ ಮೇಲೆ ಬಿದ್ದಿದ್ದರೆ ಬಿದ್ದಿರಲಿ, ಮುಗ್ಗಲು ವಾಸನೆ ಬರಲಿ, ಅದೇ ಹಾಸಿಗೆಯಲ್ಲಿ ಅವನು ಮಲಗಲಿ. ಬಾಟಲಿ ತುಂಬಿಕೊಳ್ಳದೆ ಹೋದರೆ ಒಂದು ದಿನ ಬಾಯಾರಲಿ. ಆಟೊ ಹಿಡಿದು ಶಾಲೆಗೆ ತಂದುಕೊಡಲು ಓಡಬೇಡಿ. "ನೀವೆಂಥ ತಾಯಿ" ಎಂದು ಅತ್ತೆ ಕೇಳಿದರೆ, ನಿಮ್ಮ ಮಗನನ್ನು ಬೆಳೆಸಿದ್ದು ನೀವು, ನನ್ನ ಮಗನನ್ನು ನಾನು ಬೆಳೆಸುತ್ತೇನೆ ಎಂದು ಹೇಳುವ ಧೈರ್ಯ ತಂದುಕೊಳ್ಳಿ. ಮೇಷ್ಟ್ರುಗಳೇ, ಮುಂದಿನ ಮೀಟಿಂಗಿನಲ್ಲಿ ಮಾರ್ಕ್ಸ್ ಕಾರ್ಡ್ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಮಗುವಿನ ಟಿಫಿನ್ ಬಾಕ್ಸು ಯಾರು ತೊಳೆಯುತ್ತಾರೆ? ಅಂಗಡಿಯಿಂದ ತಂದ ಪ್ರಾಜೆಕ್ಟನ್ನು ಮುಲಾಜಿಲ್ಲದೆ ವಾಪಸು ಕಳಿಸಿ.

ಈ ಬೇಸಿಗೆಯಲ್ಲಿ ಸಾವಿರಾರು ರೂಪಾಯಿ ಸುರಿದು ಸಮ್ಮರ್ ಕ್ಯಾಂಪಿಗೆ, ಕ್ರ್ಯಾಶ್ ಕೋರ್ಸಿಗೆ ಹೆಸರು ಬರೆಸುವ ಮೊದಲು ಒಂದು ವಾರ ಮನೆಯ ಅಡುಗೆಮನೆಯನ್ನು ಮಕ್ಕಳ ಕೈಗೆ ಬಿಡಿ. ಸಂತೆಯ ಚೀಲದಿಂದ ಹಿಡಿದು ರಾತ್ರಿ ಕಟ್ಟೆ ಒರೆಸುವವರೆಗೆ ಅವರೇ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ, ಅನ್ನ ತಳ ಹಿಡಿಯುತ್ತದೆ, ಹಾಲು ಖಂಡಿತ ಉಕ್ಕುತ್ತದೆ. ಮನೆಯವರೆಲ್ಲ ಕೂತು ಅದನ್ನೇ ಉಣ್ಣಿ. ಹೋಟೆಲಿನಿಂದ ಏನೂ ತರಿಸಬೇಡಿ.